ಬಿ ಫಾರಂ ಕೊಡೋರು ಯಾರು?

ಅಮೆರಿಕದ ಚುನಾವಣೆ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಪತ್ರಗಳು ಬಂದಿವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಪಂಡಿತಳಲ್ಲ. ತಿಪಟೂರಿನವಳು, 1988ರಿಂದ ನ್ಯೂಜೆರ್ಸಿಯಲ್ಲಿದ್ದೇನೆ. ಕಚೇರಿಯೊಂದರಲ್ಲಿ ಲೆಕ್ಕ ಬರೆದು ಬರೆದು ನಿವೃತ್ತಳಾದೆ. ಈಗ ಚುನಾವಣೆ ಬಂದರೆ ಮತಗಟ್ಟೆಯಲ್ಲಿ ಕೂರುತ್ತೇನೆ. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದರೆ ರಾತ್ರಿ ಎಂಟಕ್ಕೆ ಮುಚ್ಚುವುದು. ಹಾಗಾಗಿ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡೇ ಹೋಗುತ್ತೇನೆ.

ಇನ್ನೊಂದು ಮಾತು. 2026ರ ನವೆಂಬರ್ 3ಕ್ಕೆ ಇರುವುದನ್ನು ನಮ್ಮ ಪೇಪರುಗಳು 'ಮಧ್ಯಂತರ ಚುನಾವಣೆ' ಎಂದು ಬರೆಯುತ್ತವೆ. ಅದನ್ನು ಓದಿ ನನ್ನ ತಮ್ಮ ಫೋನ್ ಮಾಡಿ, "ಅಕ್ಕ, ಅಲ್ಲಿ ಸರ್ಕಾರ ಬಿತ್ತಾ?" ಎಂದು ಕೇಳಿದ. ಬಿದ್ದಿಲ್ಲ ಮಾರಾಯ. ಅಧ್ಯಕ್ಷರ ನಾಲ್ಕು ವರ್ಷದ ನಡುವೆ ಬರುವ ಚುನಾವಣೆ ಇದು. ಕೆಳಮನೆಯ 435 ಸೀಟಿಗೂ, ಸೆನೆಟ್‌ನ ಮೂರನೇ ಒಂದು ಭಾಗಕ್ಕೂ ವೋಟು. ಸುಮ್ನೆ ಮಿಡ್‌ಟರ್ಮ್ ಎಂದೇ ಕರೆಯೋಣ, ಗೊಂದಲ ಇರುವುದಿಲ್ಲ.

ಮೇಡಂ, ನಮ್ಮೂರಾಗ ಬೆಳೆದ ಶ್ರೀ ಥಾನೇದಾರ್ ಡೆಟ್ರಾಯಿಟ್‌ನಿಂದ ಸಂಸದರಾಗ್ಯಾರ. ಅವರಿಗೆ ಬಿ ಫಾರಂ ಕೊಟ್ಟೋರು ಯಾರ್ರಿ? ಅಲ್ಲಿ ಹೈಕಮಾಂಡ್ ಎಲ್ಲಿರತೈತಿ?
– ಓದುಗರೊಬ್ಬರು, ಬೆಳಗಾವಿ

ಒಳ್ಳೆ ಪ್ರಶ್ನೆ ಕೇಳಿದಿರಿ. ಬಿ ಫಾರಂ ಕೊಟ್ಟವರು ಡೆಟ್ರಾಯಿಟ್‌ನ ಜನ. ಅಲ್ಲಿ ಟಿಕೆಟ್‌ಗಾಗಿ ದೆಹಲಿ ವಿಮಾನ ಹತ್ತುವುದಿಲ್ಲ. ಒಂದು ಪಕ್ಷದಿಂದ ಎಷ್ಟು ಜನ ಬೇಕಾದರೂ ಅರ್ಜಿ ಹಾಕಬಹುದು. ನಿಜವಾದ ಚುನಾವಣೆಗೆ ಕೆಲವು ತಿಂಗಳ ಮುಂಚೆ ಸಾಮಾನ್ಯ ಮತದಾರರೇ ಹೋಗಿ, ಇವರಲ್ಲಿ ಯಾರು ನಮ್ಮ ಅಭ್ಯರ್ಥಿ ಎಂದು ವೋಟು ಹಾಕುತ್ತಾರೆ. ಅದೇ ಪ್ರೈಮರಿ.

ಥಾನೇದಾರ್ ಅವರದು ಇದಕ್ಕೆ ಒಳ್ಳೆ ಉದಾಹರಣೆ. 2018ರಲ್ಲಿ ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯದ ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ಆರಿಸುವುದು) ಆಗಲು ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತು ಮೂರನೆಯವರಾದರು. 2020ರಲ್ಲಿ ರಾಜ್ಯದ ಶಾಸನಸಭೆಗೆ ಗೆದ್ದರು. 2022ರಲ್ಲಿ 13ನೇ ಸಂಸತ್ ಕ್ಷೇತ್ರದ ಪ್ರೈಮರಿಗೆ ಇಳಿದರು. ಒಟ್ಟು ಒಂಬತ್ತು ಜನ ನಿಂತಿದ್ದರು. ಇವರಿಗೆ ಬಂದದ್ದು ನೂರಕ್ಕೆ ಸುಮಾರು 28 ವೋಟು. ಉಳಿದ 72 ವೋಟು ಎಂಟು ಜನರಲ್ಲಿ ಹಂಚಿಹೋಯಿತು. ಇಪ್ಪತ್ತೆಂಟು ತಗೊಂಡವರು ಗೆದ್ದರು. ಆ ಕ್ಷೇತ್ರದಲ್ಲಿ ಡೆಮಾಕ್ರಟ್ ಆದರೆ ನವೆಂಬರ್‌ನಲ್ಲಿ ಗೆಲುವು ಗ್ಯಾರಂಟಿ. ಅಂದರೆ ಆಗಸ್ಟ್‌ನ ಆ ಪ್ರೈಮರಿಯೇ ಅಸಲಿ ಚುನಾವಣೆ. ಡೆಟ್ರಾಯಿಟ್‌ನಲ್ಲಿ ಕರಿಯ ಜನಾಂಗದವರೇ ಹೆಚ್ಚು. ದಶಕಗಳ ನಂತರ ಅವರ ಪೈಕಿ ಒಬ್ಬರೂ ಆ ಊರಿನಿಂದ ಸಂಸತ್ತಿಗೆ ಹೋಗದಂತಾಯಿತು ಎಂದು ಅಲ್ಲಿ ತುಂಬ ಜನಕ್ಕೆ ಬೇಜಾರಾಯಿತು. ಆದರೆ ಹಾಗಾಗಬಾರದು ಎಂದುಕೊಂಡವರೇ ಎಂಟು ದಿಕ್ಕಿಗೆ ವೋಟು ಹಾಕಿದ್ದರಲ್ಲ.

ಹೈಕಮಾಂಡ್ ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ದುಡ್ಡಿರುವವರು, ಸಂಘಗಳು, ಜಿಲ್ಲಾ ಪಕ್ಷದ ಮುಖಂಡರು ಎಲ್ಲ ಹಿಂದೆ ನಿಂತು ತಳ್ಳುತ್ತಾರೆ. ಥಾನೇದಾರ್ ತಮ್ಮದೇ ದುಡ್ಡು ಹಾಕಿದವರು. ಆದರೂ ಕೊನೆಗೆ ಚೀಟಿ ಮತದಾರನ ಕೈಯಲ್ಲೇ ಇರುತ್ತದೆ.

ಅಕ್ಕ, ಕಳೆದ ವರ್ಷ ಸಿಟಿಜನ್ ಆದೆ. ನೋಂದಣಿಯಲ್ಲಿ ಯಾವ ಪಕ್ಷವನ್ನೂ ಹಾಕಲಿಲ್ಲ. ಜೂನ್ 2ರ ಪ್ರೈಮರಿಯಲ್ಲಿ ನಾನು ವೋಟು ಹಾಕಬಹುದಾ? ಹಾಕಿದರೆ ಜೀವನಪೂರ್ತಿ ಆ ಪಕ್ಷಕ್ಕೆ ಅಂಟಿಕೊಳ್ಳಬೇಕಾ?
– ಎಡಿಸನ್, ನ್ಯೂಜೆರ್ಸಿ

ಹಾಕಬಹುದು. ಅಂಟಿಕೊಳ್ಳಬೇಕಿಲ್ಲ.

ನಮ್ಮ ರಾಜ್ಯದಲ್ಲಿ ಮತದಾರರ ಪಟ್ಟಿಗೆ ಸೇರುವಾಗಲೇ ನಿಮ್ಮ ಪಕ್ಷ ಯಾವುದು ಎಂದು ಬರೆಸಬಹುದು, ಬಿಡಲೂಬಹುದು. ಬರೆಸದವರು ಪ್ರೈಮರಿಯ ದಿನವೇ ಮತಗಟ್ಟೆಗೆ ಬಂದು, ನನ್ನಂಥವರ ಮುಂದೆ ನಿಂತು, "ಡೆಮಾಕ್ರಟ್" ಅಥವಾ "ರಿಪಬ್ಲಿಕನ್" ಎಂದು ಹೇಳಿದರೆ ಆಯಿತು. ಆ ಪಕ್ಷದ ಮತಪತ್ರ ಸಿಗುತ್ತದೆ. ನಿಮ್ಮ ಹೆಸರಿನ ಮುಂದೆ ಆ ಪಕ್ಷ ದಾಖಲಾಗುತ್ತದೆ, ನಿಜ. ಬೇಡ ಎನಿಸಿದರೆ ಆಮೇಲೆ ಒಂದು ಫಾರಂ ತುಂಬಿ ತೆಗೆಸಬಹುದು. ಆದರೆ ಈಗಾಗಲೇ ಒಂದು ಪಕ್ಷದಲ್ಲಿರುವವರು ಇನ್ನೊಂದಕ್ಕೆ ಹೋಗಬೇಕಾದರೆ ಪ್ರೈಮರಿಗೆ 55 ದಿನ ಮುಂಚೆಯೇ ಹೇಳಿರಬೇಕು.

ಒಂದು ಸಲ ನಮ್ಮ ಕಡೆಯ ಹಿರಿಯರೊಬ್ಬರು ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಪೆನ್ನು. ಯಾವ ಪಕ್ಷದ ಚೀಟಿ ಕೊಡಲಿ ಎಂದು ಕೇಳಿದೆ. "ನಾನು ಯಾವ ಪಕ್ಷದವನೂ ಅಲ್ಲಮ್ಮ. ಎರಡನ್ನೂ ಕೊಡಿ, ನೋಡಿ ಹೇಳ್ತೀನಿ" ಅಂದರು. ಎರಡು ಕೊಡುವ ಹಾಗಿಲ್ಲ ಸಾರ್ ಅಂದೆ. "ಹಾಗಾದರೆ ಇದು ಗುಪ್ತ ಮತದಾನ ಹೇಗಾಯ್ತು?" ಎಂದು ಕೇಳಿ, ವೋಟು ಹಾಕದೆ ಹೊರಟೇಹೋದರು. ಅವರ ಪ್ರಶ್ನೆ ತಪ್ಪಲ್ಲ. ಯಾರಿಗೆ ಹಾಕಿದಿರಿ ಎನ್ನುವುದು ಗುಟ್ಟು. ಯಾವ ಪಕ್ಷದ ಚೀಟಿ ತಗೊಂಡಿರಿ ಎನ್ನುವುದು ಗುಟ್ಟಲ್ಲ. ಈ ಪದ್ಧತಿಯಲ್ಲಿ ನನಗೂ ಇಷ್ಟವಾಗದ್ದು ಇದೊಂದೇ. ಆದರೆ ಮನೆಗೆ ಹೋಗುವಷ್ಟು ದೊಡ್ಡ ವಿಷಯ ಅಲ್ಲ.

ಇನ್ನು ಪ್ರೈಮರಿಗೆ ಬನ್ನಿ ಎಂದು ನಾನು ಯಾಕೆ ಒತ್ತಾಯ ಮಾಡುತ್ತೇನೆ ಗೊತ್ತಾ? ಮೊದಲು ನಮ್ಮ ರಾಜ್ಯದ ಮತಪತ್ರದಲ್ಲಿ 'ಕೌಂಟಿ ಲೈನ್' ಎಂದು ಇತ್ತು. ಮದುವೆ ಊಟದ ಪಂಕ್ತಿ ನೆನಪು ಮಾಡಿಕೊಳ್ಳಿ. ಜಿಲ್ಲಾ ಪಕ್ಷದ ಮುಖಂಡರು ಒಪ್ಪಿದವರೆಲ್ಲ ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಚೆಂದಾಗಿ ಕೂತಿರುತ್ತಿದ್ದರು. ಒಪ್ಪದವರ ಎಲೆ ಕೈ ತೊಳೆಯುವ ನಲ್ಲಿಯ ಹತ್ತಿರ. ಅಲ್ಲಿಯತನಕ ಯಾರ ಕಣ್ಣು ಹೋಗುತ್ತದೆ? 2024ರಲ್ಲಿ ಸೆನೆಟ್‌ಗೆ ನಿಂತ ಆಂಡಿ ಕಿಮ್ ಇದರ ವಿರುದ್ಧ ಕೋರ್ಟಿಗೆ ಹೋದರು. ಎದುರಾಳಿ ಆಗಿನ ಗವರ್ನರ್ ಹೆಂಡತಿ. ದೊಡ್ಡ ದೊಡ್ಡ ಜಿಲ್ಲೆಗಳ ಲೈನು ಅವರಿಗೇ ಸಿಕ್ಕಿತ್ತು. ಅವರು ಕಣದಿಂದ ಹಿಂದೆ ಸರಿದ ಕೆಲವೇ ದಿನಕ್ಕೆ, ಮಾರ್ಚ್ ಕೊನೆಯಲ್ಲಿ, ಫೆಡರಲ್ ನ್ಯಾಯಾಧೀಶರು ಆ ವರ್ಷದ ಡೆಮಾಕ್ರಟಿಕ್ ಪ್ರೈಮರಿಗೆ ಲೈನು ಬಳಸಬೇಡಿ ಎಂದರು. ಆಂಡಿ ಕಿಮ್ ಈಗ ಸೆನೆಟರ್. 2025ರಲ್ಲಿ ಲೈನಿಲ್ಲದ ಹೊಸ ಮತಪತ್ರ ಬಂತು. ಗವರ್ನರ್ ಸ್ಥಾನಕ್ಕೆ ಆರು ಜನ ಡೆಮಾಕ್ರಟರು ನಿಂತರು, ಮಿಕಿ ಶೆರಿಲ್ ಮೂರನೇ ಒಂದು ಭಾಗದಷ್ಟು ವೋಟು ತಗೊಂಡು ಪ್ರೈಮರಿ ಗೆದ್ದರು, ನವೆಂಬರ್‌ನಲ್ಲಿ ಗವರ್ನರ್ ಆಗಿ ಆರಿಸಿಬಂದರು. ಆ ಪ್ರೈಮರಿಯ ದಿನ ನನ್ನ ಟೇಬಲ್ ಮುಂದೆ ನಿಂತು ಮಾದರಿ ಚೀಟಿಯ ಹೆಸರುಗಳ ಮೇಲೆ ಬೆರಳಿಟ್ಟು ಓದಿದವರನ್ನು ನೋಡಿದೆ. ಅಷ್ಟು ವರ್ಷದಲ್ಲಿ ಅದೇ ಮೊದಲು.

ಬೇರೆ ರಾಜ್ಯದ ಓದುಗರು ನನ್ನ ಉತ್ತರ ನಂಬಿಕೊಂಡು ಹೊರಡಬೇಡಿ. ರಾಜ್ಯಕ್ಕೊಂದು ನಿಯಮ. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಪಕ್ಷ ಇಲ್ಲದವರಿಗೆ ಪಕ್ಷದ ಪ್ರೈಮರಿಗೆ ಪ್ರವೇಶವೇ ಇಲ್ಲ. ಟೆಕ್ಸಾಸ್‌ನಲ್ಲಿ ನೋಂದಣಿ ಮಾಡುವಾಗ ಪಕ್ಷದ ಮಾತೇ ಬರುವುದಿಲ್ಲ.

ನನ್ನ ಹತ್ತಿರ ಗ್ರೀನ್ ಕಾರ್ಡ್ ಇದೆ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ವೋಟರ್ ನೋಂದಣಿ ಬೇಕಾ ಎಂದು ಕೇಳಿದರು. ಹೂಂ ಅನ್ನಲಾ?
– ರಾಲಿ, ನಾರ್ತ್ ಕರೋಲಿನಾ

ಬೇಡ, ಬೇಡ, ಬೇಡ. ಸಿಟಿಜನ್ ಆಗುವ ತನಕ ಆ ಪೆಟ್ಟಿಗೆಗೆ ಟಿಕ್ ಹಾಕಬೇಡಿ. ಗೊತ್ತಿಲ್ಲದೆ ಹಾಕಿದ್ದರೂ ಮುಂದೆ ಪೌರತ್ವದ ಅರ್ಜಿಗೆ ಕುತ್ತು ಬರಬಹುದು. ಈಗಾಗಲೇ ಹಾಕಿದ್ದರೆ ಸುಮ್ಮನೆ ಕೂರದೆ ವಲಸೆ ವಕೀಲರನ್ನು ನೋಡಿ.

ಅಕ್ಕ, ನಾನು ಗ್ರೀನ್ ಪಾರ್ಟಿ ಕಡೆ. ಆದರೆ ನವೆಂಬರ್‌ನಲ್ಲಿ ನಮ್ಮ ಕ್ಷೇತ್ರದ ಚೀಟಿಯಲ್ಲಿ ಆ ಪಕ್ಷದ ಹೆಸರೇ ಇರುವುದಿಲ್ಲ. ಯಾಕೆ?
– ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಯಾಕೆಂದರೆ ನಿಮ್ಮಲ್ಲಿ ಸೋಸುವ ಕೆಲಸ ಜೂನ್‌ನಲ್ಲೇ ಮುಗಿಯುತ್ತದೆ. 2012ರಿಂದ ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಪಕ್ಷದವರೂ ಒಂದೇ ಪ್ರೈಮರಿಯಲ್ಲಿ ನಿಲ್ಲುತ್ತಾರೆ. ಮೊದಲ ಎರಡು ಸ್ಥಾನ ಬಂದವರು ಮಾತ್ರ ನವೆಂಬರ್‌ಗೆ. ಇಬ್ಬರೂ ಒಂದೇ ಪಕ್ಷದವರಾದರೂ ಸರಿ. ಅಧ್ಯಕ್ಷರ ಚುನಾವಣೆಗೆ ಮಾತ್ರ ಈ ನಿಯಮ ಇಲ್ಲ. ಹಾಗಾಗಿ ಗ್ರೀನ್ ಪಾರ್ಟಿಯಂಥ ಸಣ್ಣ ಪಕ್ಷಕ್ಕೆ ವೋಟು ಹಾಕುವ ಆಸೆ ಇದ್ದರೆ ಜೂನ್‌ನಲ್ಲೇ ಹಾಕಿ.

ಆದರೆ ಒಂದು ಕತೆ ಕೇಳಿಸಿಕೊಳ್ಳಿ. ಅದೇ ಮೊದಲ ವರ್ಷ, 2012ರಲ್ಲಿ, ಸ್ಯಾನ್ ಬರ್ನಾರ್ಡಿನೊ ಕಡೆಯ 31ನೇ ಕ್ಷೇತ್ರ. ಡೆಮಾಕ್ರಟರ ಬಲ ಜಾಸ್ತಿ ಇದ್ದ ಜಾಗ. ನಾಲ್ವರು ಡೆಮಾಕ್ರಟರು ನಿಂತರು, ರಿಪಬ್ಲಿಕನ್ನರು ಇಬ್ಬರೇ. ನಾಲ್ವರು ವೋಟು ಹಂಚಿಕೊಂಡರು, ಮೇಲೆ ಬಂದ ಇಬ್ಬರೂ ರಿಪಬ್ಲಿಕನ್ನರು! ನವೆಂಬರ್‌ನಲ್ಲಿ ಅದೇ ಜನ ಅಧ್ಯಕ್ಷರ ಸ್ಥಾನಕ್ಕೆ ಒಬಾಮಾರನ್ನು ಗೆಲ್ಲಿಸಿದರು, ಸಂಸತ್ತಿಗೆ ಮಾತ್ರ ಇಬ್ಬರು ರಿಪಬ್ಲಿಕನ್ನರಲ್ಲಿ ಒಬ್ಬರನ್ನು ಆರಿಸಬೇಕಾಯಿತು. ಮೂರನೆಯವರಾಗಿ ಸೋತ ಪೀಟ್ ಅಗಿಲಾರ್ 2014ರಲ್ಲಿ ಗೆದ್ದರು. ಈ ಸಲ ನಿಮ್ಮಲ್ಲಿ ಗವರ್ನರ್ ಕುರ್ಚಿ ಖಾಲಿಯಾಗುತ್ತಿದೆ. ಉದ್ದ ಪಟ್ಟಿ ನೋಡಿದಾಗ ಈ ಕತೆ ನೆನಪಿರಲಿ.

ಇನ್ನೊಂದು ಗುಂಡಿ ಇದೆ. ನನ್ನ ನಾದಿನಿಯೇ ಬಿದ್ದಿದ್ದಾಳೆ. ತಾನು ಪಕ್ಷೇತರಳು ಎಂದುಕೊಂಡು 'ಅಮೆರಿಕನ್ ಇಂಡಿಪೆಂಡೆಂಟ್' ಎಂಬಲ್ಲಿ ಟಿಕ್ ಹಾಕಿದಳು. ಅದು ಒಂದು ಪಕ್ಷ ಮಾರಾಯ್ತಿ! 1968ರಲ್ಲಿ ಜಾರ್ಜ್ ವ್ಯಾಲೆಸ್ ನಿಂತ ಪಕ್ಷ. ಜನಾಂಗಗಳನ್ನು ಬೇರೆ ಬೇರೆ ಇಡಬೇಕು ಎಂದ ಮನುಷ್ಯ ಆತ. ಪಕ್ಷ ಬೇಡದವರಿಗೆ ಕ್ಯಾಲಿಫೋರ್ನಿಯಾದಲ್ಲಿ ಇರುವುದು 'ನೋ ಪಾರ್ಟಿ ಪ್ರಿಫರೆನ್ಸ್'. ಅದಕ್ಕೆ ಟಿಕ್ ಹಾಕಿ.

ಮನೆಯಲ್ಲಿ ಮಾತು ನಿಂತಿದೆ. ಗವರ್ನರ್ ಚುನಾವಣೆಗೆ ಎರಡು ಪಕ್ಷದವರೂ ಬೇಡ, ಪಕ್ಷೇತರ ಮೈಕ್ ಡಗನ್‌ಗೆ ನನ್ನ ವೋಟು ಅಂತಾರೆ ಇವರು. ವೋಟು ವೇಸ್ಟ್ ಅಂತೀನಿ ನಾನು. ಯಾರು ಸರಿ?
– ನೋವೈ, ಮಿಷಿಗನ್

ಗಂಡ ಹೆಂಡಿರ ಜಗಳದಲ್ಲಿ ತೀರ್ಪು ಕೊಡಬಾರದು ಎಂದು ನಮ್ಮಮ್ಮ ಹೇಳುತ್ತಿದ್ದರು. ಆದರೂ ಕೊಡುತ್ತೇನೆ. ಮೊದಲು ನನ್ನದೇ ಕತೆ.

ನಾನು ಸಿಟಿಜನ್ ಆದದ್ದು 1999ರಲ್ಲಿ. ಅಧ್ಯಕ್ಷರಿಗೆ ಮೊದಲ ವೋಟು 2000ದಲ್ಲಿ. ರಿಪಬ್ಲಿಕನ್ ಬುಷ್ ಬೇಡ, ಡೆಮಾಕ್ರಟ್ ಗೋರ್ ಸಪ್ಪೆ, ಗ್ರೀನ್ ಪಾರ್ಟಿಯಿಂದ ನಿಂತಿದ್ದ ರಾಲ್ಫ್ ನೇಡರ್‌ಗೆ ಹಾಕಿದೆ. ಅರಸೀಕೆರೆ ಕಡೆಯ ನನ್ನ ಗೆಳತಿ ಆಗ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿದ್ದಳು. ಇಬ್ಬರೂ ಕಾಲಿಂಗ್ ಕಾರ್ಡ್ ಖಾಲಿಯಾಗುವ ತನಕ ಮಾತಾಡಿ, ಒಂದೇ ತೀರ್ಮಾನ ಮಾಡಿ, ಒಂದೇ ಹೆಸರಿಗೆ ಹಾಕಿದ್ದೆವು. ಅಧ್ಯಕ್ಷರ ಚುನಾವಣೆಯಲ್ಲಿ ಒಂದೊಂದು ರಾಜ್ಯದ ಲೆಕ್ಕವೂ ಬೇರೆ ಬೇರೆ. ನ್ಯೂಜೆರ್ಸಿಯಲ್ಲಿ ಗೋರ್ ಐದು ಲಕ್ಷಕ್ಕೂ ಹೆಚ್ಚು ವೋಟಿನಿಂದ ಗೆದ್ದರು. ನನ್ನ ವೋಟು ಯಾರ ಲೆಕ್ಕಕ್ಕೂ ಬರಲಿಲ್ಲ. ಫ್ಲಾರಿಡಾದಲ್ಲಿ ಬುಷ್ ಗೆದ್ದದ್ದು 537 ವೋಟಿನಿಂದ. ಆ ರಾಜ್ಯದಿಂದಲೇ ಅಧ್ಯಕ್ಷಗಿರಿ. ಅಲ್ಲಿ ನೇಡರ್‌ಗೆ ಬಿದ್ದದ್ದು 97,488. ಅಂದಿನಿಂದ ಗೆಳತಿಗೆ ಯುಗಾದಿ ಸೇರುವಿಕೆಯಲ್ಲಿ "ಬಂದಳು ನೋಡು 537" ಎಂಬ ಹೆಸರೇ ಖಾಯಂ. ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಇಬ್ಬರೂ ಮಾಡಿದ್ದು ಒಂದೇ ಕೆಲಸ, ಅಲ್ವಾ? ಅವಳು ಪಾಪ ವಾದ ಮಾಡುತ್ತಾಳೆ: ನೇಡರ್ ಇಲ್ಲದಿದ್ದರೆ ನಾನು ಮನೆಯಲ್ಲೇ ಇರುತ್ತಿದ್ದೆ, ಗೋರ್‌ಗೆ ಹಾಕುತ್ತಿದ್ದೆ ಅಂತ ಯಾರು ಹೇಳಿದರು? ಅದೂ ನಿಜವೇ. ಅಲ್ಲಿ ಬುಷ್, ಗೋರ್ ಬಿಟ್ಟು ಚೀಟಿಯಲ್ಲಿದ್ದ ಎಂಟೂ ಜನರಿಗೆ 537ಕ್ಕಿಂತ ಜಾಸ್ತಿ ಬಿದ್ದಿತ್ತು. ಸಂತೇಮರಹಳ್ಳಿಯಲ್ಲಿ 2004ರಲ್ಲಿ ಒಂದೇ ಒಂದು ವೋಟಿನಿಂದ ಸೋತವರನ್ನು ನಾವು ನೋಡಿಲ್ಲವಾ.

ಹಾಗಾದರೆ ನೀವು ಸರಿ ಎಂದು ಗಂಡನಿಗೆ ಈ ಪುಟ ತೋರಿಸಲು ಏಳಬೇಡಿ. ಇನ್ನೂ ಇದೆ.

ನೇಡರ್‌ಗೆ ಇಡೀ ದೇಶದಲ್ಲಿ ಮೂರು ಪರ್ಸೆಂಟ್ ಕೂಡ ಬರಲಿಲ್ಲ. ಡಗನ್ ಅಂಥವರಲ್ಲ. ಡೆಟ್ರಾಯಿಟ್ ಮೇಯರ್ ಆಗಿ ಮೂರು ಸಲ ಗೆದ್ದವರು. 2024ರ ಡಿಸೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷ ಬಿಟ್ಟು ಪಕ್ಷೇತರನಾಗಿ ನಿಲ್ಲುತ್ತೇನೆ ಎಂದು ಘೋಷಿಸಿದವರು. ಅಂಥವರು ಗೆದ್ದದ್ದೂ ಇದೆ. ಮಿನೆಸೋಟದಲ್ಲಿ 1998ರಲ್ಲಿ ಕುಸ್ತಿಪಟು ಜೆಸ್ಸಿ ವೆಂಚುರಾ ಮೂರನೇ ಪಕ್ಷದಿಂದ ನಿಂತು 37 ಪರ್ಸೆಂಟ್‌ಗೇ ಗವರ್ನರ್ ಆದರು. ಇನ್ನು ಮೇನ್ ರಾಜ್ಯದ 2010ರ ಲೆಕ್ಕ ನೋಡಿ. ರಿಪಬ್ಲಿಕನ್ ಪಾಲ್ ಲಪಾಜ್‌ಗೆ ಸುಮಾರು 38. ಪಕ್ಷೇತರ ಎಲಿಯಟ್ ಕಟ್ಲರ್‌ಗೆ 36. ಡೆಮಾಕ್ರಟ್ ಲಿಬಿ ಮಿಚೆಲ್‌ಗೆ 19. ಇಲ್ಲಿ ವೋಟು ಒಡೆದವರು ಯಾರು? ಪಕ್ಷೇತರನೋ, ದೊಡ್ಡ ಪಕ್ಷದವರೋ? ಆ ಸಲ ಕಟ್ಲರ್‌ಗೆ ಹಾಕಿದವರಿಗೆ ವೇಸ್ಟ್ ಎಂದರೆ ಹೊಡೆಯಲು ಬಂದಾರು.

ಕೋಪದಿಂದ ಪಕ್ಷ ಬಿಟ್ಟವರ ಕತೆ ನಮಗೇನು ಹೊಸದಾ? 1912ರಲ್ಲಿ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ ರಿಪಬ್ಲಿಕನ್ ಟಿಕೆಟ್ ಸಿಗಲಿಲ್ಲ, ಸ್ವಂತ ಪಕ್ಷ ಕಟ್ಟಿದರು. ಹಳೆ ಪಕ್ಷದ ಟಾಫ್ಟ್‌ರನ್ನೂ ಹಿಂದೆ ಹಾಕಿದರು. ಇಬ್ಬರ ನಡುವೆ ಡೆಮಾಕ್ರಟ್ ವಿಲ್ಸನ್ ಗೆದ್ದರು. ನೂರೊಂದು ವರ್ಷದ ಮೇಲೆ, 2013ರಲ್ಲಿ, ಯಡಿಯೂರಪ್ಪನವರ ಕೆಜೆಪಿಗೆ ಆರು ಸೀಟು, ಬಿಜೆಪಿಗೆ ನಲವತ್ತು, ಕಾಂಗ್ರೆಸ್ ಆರಾಮಾಗಿ ಅಧಿಕಾರಕ್ಕೆ. ಊರು ಬೇರೆ, ಲೆಕ್ಕ ಒಂದೇ.

ಈಗ ನಿಮ್ಮ ಮನೆಗೆ ಬರೋಣ. ಪಕ್ಷೇತರರಿಗೆ ಪ್ರೈಮರಿ ಇಲ್ಲ. ಆಗಸ್ಟ್ 4ರ ಚೀಟಿಯಲ್ಲಿ ಡಗನ್ ಹೆಸರೇ ಇರುವುದಿಲ್ಲ. ಹಾಗಾಗಿ ಅಲ್ಲಿಯ ತನಕ ಜಗಳಕ್ಕೆ ಕಾರಣವೇ ಇಲ್ಲ. ಇಬ್ಬರೂ ಆಗಸ್ಟ್‌ನಲ್ಲಿ ಹೋಗಿ. ಎರಡು ಪಕ್ಷದವರೂ ಬೇಡ ಎನ್ನುವ ಯಜಮಾನರೇ ಮೊದಲು ಹೋಗಲಿ. ಕೆಟ್ಟವರು ಆಯ್ಕೆಯಾಗದ ಹಾಗೆ ನೋಡಿಕೊಳ್ಳುವ ಜಾಗ ಅದು. ಪ್ರೈಮರಿಗೆ ಬರುವವರು ಕಡಿಮೆ, ಒಂದು ವೋಟಿನ ತೂಕ ಜಾಸ್ತಿ. ಸಿಟ್ಟು ತೋರಿಸಲೂ ಅದೇ ಜಾಗ. 2024ರ ಫೆಬ್ರವರಿಯಲ್ಲಿ ನಿಮ್ಮ ರಾಜ್ಯದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಗಾಜಾ ವಿಷಯದಲ್ಲಿ ಬೈಡನ್ ಮೇಲಿನ ಬೇಸರಕ್ಕೆ 'ಯಾರಿಗೂ ಬದ್ಧರಲ್ಲ' ಎಂಬಲ್ಲಿ ಗುರುತು ಹಾಕಿದರು. ಇಡೀ ದೇಶ ಅದನ್ನು ಎಣಿಸಿತು. ಒಂದು ಎಚ್ಚರ: ಮಿಷಿಗನ್‌ನ ಆಗಸ್ಟ್ ಚೀಟಿಯಲ್ಲಿ ಎರಡು ಪಕ್ಷದ ಸಾಲೂ ಒಂದೇ ಹಾಳೆಯಲ್ಲಿರುತ್ತದೆ. ಒಂದೇ ಸಾಲಿನಲ್ಲಿರಿ. ಅಲ್ಲೊಂದು ಇಲ್ಲೊಂದು ಗುರುತು ಹಾಕಿದರೆ ಪಕ್ಷದ ಭಾಗದ ವೋಟೆಲ್ಲ ಕೆಡುತ್ತದೆ.

ಆಮೇಲೆ ಅಕ್ಟೋಬರ್ ಮಧ್ಯದಲ್ಲಿ ಇಬ್ಬರೂ ಕಾಫಿ ಹಿಡಿದು ಕೂತು ಸಮೀಕ್ಷೆ ನೋಡಿ. ಒಂದಲ್ಲ, ನಾಲ್ಕೈದು. ಡಗನ್ ಮೊದಲ ಇಬ್ಬರ ಹತ್ತಿರ ಹತ್ತಿರ ಇದ್ದರೆ ಯಜಮಾನರು ಧಾರಾಳವಾಗಿ ಹಾಕಲಿ, ನೀವು ವೇಸ್ಟ್ ಅನ್ನಬೇಡಿ. ದೂರ ಉಳಿದಿದ್ದರೆ, ಉಳಿದ ಇಬ್ಬರಲ್ಲಿ ಯಾರು ಗೆದ್ದರೆ ನಾಲ್ಕು ವರ್ಷ ನಿದ್ದೆ ಬರುವುದಿಲ್ಲ ಎಂದು ಅವರನ್ನೇ ಕೇಳಿ. ಇಬ್ಬರೂ ಒಂದೇ ಅಂದರೆ ಅವರಿಷ್ಟ. ಒಂದು ಹೆಸರು ತಟ್ಟನೆ ಬಂತೋ, ಮಿಷಿಗನ್‌ನಂಥ ರಾಜ್ಯದಲ್ಲಿ ನಾನಾದರೆ ಆ ಹೆಸರಿನ ಎದುರಾಳಿಗೆ ಹಾಕುತ್ತೇನೆ. 2016ರಲ್ಲಿ ಅಲ್ಲಿ ಟ್ರಂಪ್ ಗೆದ್ದ ಅಂತರ 10,704. ನಾನಿರುವ ರಾಜ್ಯದಲ್ಲಿ ನನಗೆ ಬೇಕಾದ ಹಾಗೆ ಹಾಕಿದೆ, ಅದು ಬೇರೆ ಮಾತು.

ಕಳೆದ ವರ್ಷ ಮೇಯರ್ ಪ್ರೈಮರಿಯಲ್ಲಿ ಐದು ಜನರನ್ನು ಸಾಲಾಗಿ ಆರಿಸಿದ್ದೆ. ಈ ಜೂನ್‌ನಲ್ಲೂ ಹಾಗೇನಾ?
– ಕ್ವೀನ್ಸ್, ನ್ಯೂಯಾರ್ಕ್

ಅಲ್ಲ. ಜೂನ್ 23ರದು ರಾಜ್ಯದ ಮತ್ತು ಸಂಸತ್ತಿನ ಪ್ರೈಮರಿ. ಒಂದೇ ಗುರುತು. ಒಂದು, ಎರಡು, ಮೂರು ಎಂದು ಆರಿಸುವುದು ನಗರದ ಹುದ್ದೆಗಳ ಪ್ರೈಮರಿ ಮತ್ತು ಉಪಚುನಾವಣೆಗೆ ಮಾತ್ರ. ಕಡಿಮೆ ವೋಟು ಬಂದವರನ್ನು ಒಬ್ಬೊಬ್ಬರಾಗಿ ತೆಗೆದು, ಅವರ ಚೀಟಿಗಳನ್ನು ಅದರಲ್ಲಿರುವ ಮುಂದಿನ ಹೆಸರಿಗೆ ಸೇರಿಸುತ್ತಾ ಹೋಗುತ್ತಾರೆ. 2021ರಲ್ಲಿ ಶುರುವಾದದ್ದು. ಆ ಸಲ ಮೇಯರ್ ಪ್ರೈಮರಿಯನ್ನು ಎರಿಕ್ ಆಡಮ್ಸ್ ಕೊನೆಗೆ ಗೆದ್ದದ್ದು 7,197 ವೋಟಿನಿಂದ. ಕೊನೆಯ ಸುತ್ತಿನಲ್ಲಿ ಉಳಿದ ಇಬ್ಬರಲ್ಲಿ ಯಾರ ಹೆಸರೂ ಇಲ್ಲದ ಕಾರಣ ಲೆಕ್ಕದಿಂದ ಹೊರಗೆ ಬಿದ್ದ ಚೀಟಿಗಳು ಒಂದು ಲಕ್ಷಕ್ಕೂ ಜಾಸ್ತಿ. ಮುಂದಿನ ಸಲವೂ ಐದೂ ತುಂಬಿ.

2025ರ ನವೆಂಬರ್ ನೆನಪಿದೆಯಾ? ಮೇಯರ್ ಪ್ರೈಮರಿಯಲ್ಲಿ ಮಮ್ದಾನಿಗೆ ಸೋತ ಮಾಜಿ ಗವರ್ನರ್ ಕೂಮೊ ಪಕ್ಷೇತರರಾಗಿ ಮತ್ತೆ ನಿಂತರು. ನಮ್ಮ ಭಾಷೆಯಲ್ಲಿ ಬಂಡಾಯ ಅಭ್ಯರ್ಥಿ. ಹೆಚ್ಚಿನ ರಾಜ್ಯಗಳಲ್ಲಿ ಇದಕ್ಕೆ ಕಾನೂನೇ ಬಿಡುವುದಿಲ್ಲ. ಮಮ್ದಾನಿ ಹೆಸರು ಚೀಟಿಯಲ್ಲಿ ಎರಡು ಕಡೆ ಇತ್ತು, ಡೆಮಾಕ್ರಟಿಕ್ ಸಾಲಿನಲ್ಲೊಂದು, ವರ್ಕಿಂಗ್ ಫ್ಯಾಮಿಲೀಸ್ ಪಕ್ಷದ ಸಾಲಿನಲ್ಲೊಂದು. ಎರಡೂ ಕೂಡಿಸಿ ಎಣಿಸುತ್ತಾರೆ. ಮೂರನೇ ಪಕ್ಷಕ್ಕೂ ಹಾಕಿದ ಹಾಗಾಯಿತು, ವೋಟೂ ಒಡೆಯಲಿಲ್ಲ. ಈ ಉಪಾಯ ಎಲ್ಲ ರಾಜ್ಯದಲ್ಲೂ ಇದ್ದಿದ್ದರೆ ನೋವೈ ದಂಪತಿಯ ಪತ್ರ ನನಗೆ ಬರುತ್ತಲೇ ಇರಲಿಲ್ಲ.

ಅಲ್ಲಿ ನೋಟಾ ಇದೆಯಾ?
– ಮೈಸೂರು

ನೆವಾಡ ರಾಜ್ಯದಲ್ಲಿದೆ. ನಮ್ಮಲ್ಲಿ ಬಂದದ್ದು 2013ರಲ್ಲಿ, ಅವರಲ್ಲಿ 1970ರ ದಶಕದಿಂದಲೂ ಇದೆ. 'ಈ ಅಭ್ಯರ್ಥಿಗಳಲ್ಲಿ ಯಾರೂ ಅಲ್ಲ' ಎಂದೇ ಬರೆದಿರುತ್ತದೆ. 2024ರ ಫೆಬ್ರವರಿಯ ರಿಪಬ್ಲಿಕನ್ ಪ್ರೈಮರಿಯಲ್ಲಿ ನಿಕ್ಕಿ ಹೇಲಿ ನಿಂತಿದ್ದರು, ಟ್ರಂಪ್ ಹೆಸರು ಅದರಲ್ಲಿ ಇರಲಿಲ್ಲ. ಹೇಲಿಗೆ ಸುಮಾರು 30 ಪರ್ಸೆಂಟ್, 'ಯಾರೂ ಅಲ್ಲ'ಗೆ 63! ಸೋತದ್ದು ಯಾರಿಗೆ ಎಂದು ಕೇಳಿದರೆ ಯಾರಿಗೂ ಅಲ್ಲ ಎನ್ನಬೇಕು. ನಮ್ಮ ನೋಟಾ ಹಾಗೆಯೇ ಅಲ್ಲಿಯೂ ಅದು ಗೆದ್ದರೂ ಕುರ್ಚಿ ಖಾಲಿ ಬಿಡುವುದಿಲ್ಲ.

ನ್ಯೂಜೆರ್ಸಿಯಲ್ಲಿ ಅದಿಲ್ಲ. ಚೀಟಿಯಲ್ಲಿ ಇಲ್ಲದ ಹೆಸರನ್ನು ನಾವೇ ಬರೆಯುವ ಜಾಗ ಮಾತ್ರ ಇದೆ. ಬಿಳಿ ಶರ್ಟಿನ ಆ ಹಿರಿಯರು ಅದೇ ವರ್ಷ ನವೆಂಬರ್‌ನಲ್ಲಿ ಮತ್ತೆ ಬಂದಿದ್ದರು. ಈ ಸಲ ಪಕ್ಷ ಕೇಳುವುದಿಲ್ಲ ತಾನೇ ಎಂದು ಖಾತ್ರಿ ಮಾಡಿಕೊಂಡು, ಹೆಸರು ಬರೆಯುವ ಜಾಗ ಎಲ್ಲಿದೆ ಎಂದು ಕೇಳಿದರು. ತೋರಿಸಿಕೊಟ್ಟೆ. ಐದು ನಿಮಿಷ ಪರದೆಯ ಹಿಂದೆ ಇದ್ದರು. ಯಾರ ಹೆಸರು ಬರೆದರೋ, ನಾನು ಕೇಳುವ ಹಾಗಿಲ್ಲ. ಹೊರಗೆ ಬಂದಾಗ ಮುಖ ಮಾತ್ರ ಗೆಲುವಾಗಿತ್ತು.